ಮೂಗಿನೊಳಗಣ ಬೆಳಕು

೧

ಮೂಗನ್ನು ಕುರಿತು ಕನ್ನಡದಲ್ಲಿ ಬಳಕೆಯಲ್ಲಿರುವ ನುಡಿಗಟ್ಟುಗಳು ಬಹುಮಟ್ಟಿಗೆ ಹೊರಮೂಗನ್ನು ಕುರಿತವುಗಳೇ. ಆಶ್ಚರ್ಯಪಟ್ಟವರು ಮೂಗಿನ ಮೇಲೆ ಬೆರಳಿಡುವರು. ಒಪ್ಪದವರು ಮೂಗು ಮುರಿಯುವರು. ಸಲ್ಲದ ಕಡೆ ಮೂಗು ತೂರಿಸುವವರೂ, ತಮ್ಮ ಮೂಗಿನ ನೇರಕ್ಕೆ ಮಾತನಾಡುವವರೂ ಎಲ್ಲ ಊರುಗಳಲ್ಲಿಯೂ ಉಂಟು. ಮೂಗಿನ ಒಳಭಾಗದ ವಿಷಯ ಬಂದಾಗ ಮಾತ್ರ ಭಾಷೆಯೂ ಮೌನವನ್ನು ತಾಳುವುದು. ವೈದ್ಯಶಾಸ್ತ್ರದ ಸ್ಥಿತಿಯೂ ಬಹುಕಾಲ ಹೀಗೆಯೇ ಇದ್ದಿತು. ೧೭೯೨ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೇನೆಯ ಬಂಡಿ ಹೊಡೆಯುತ್ತಿದ್ದ ಕವಾಸಜಿ ಎಂಬವನು ಟಿಪ್ಪೂಸುಲ್ತಾನನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನು ಕಳೆದುಕೊಂಡನು. ಆ ಬಳಿಕ ದೇಶೀಯ ಶಸ್ತ್ರವೈದ್ಯನೊಬ್ಬನು ಅವನ ಹಣೆಯ ಚರ್ಮದಿಂದ ಹೊಸ ಮೂಗನ್ನು ಕಟ್ಟಿಕೊಟ್ಟನು. ೧೭೯೪ರಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಎಂಬ ಪತ್ರಿಕೆಯಲ್ಲಿ ಈ ವೃತ್ತಾಂತವು ಅಚ್ಚಾಗಲು ಯುರೋಪಿನ ವೈದ್ಯರು ಬೆರಗಾದರು. ಹೊರಮೂಗನ್ನು ಹೊಸದಾಗಿ ಕಟ್ಟಬಲ್ಲ ಕೈಗಳು ಆ ಕಾಲದಲ್ಲಿಯೇ ಇದ್ದವು. ಆದರೆ ಅದೇ ಮೂಗಿನೊಳಗೆ ಮೂರು ಅಂಗುಲದಾಚೆ ಏನಿದೆಯೆಂಬುದನ್ನು ಬದುಕಿರುವ ಮನುಷ್ಯನಲ್ಲಿ ಕಣ್ಣಾರೆ ಕಂಡವರು ಪೂರ್ವದಲ್ಲಿಯಾಗಲಿ ಪಶ್ಚಿಮದಲ್ಲಿಯಾಗಲಿ ಯಾರೂ ಇರಲಿಲ್ಲ.

ಇಂದು ಮೂಗಿನ ವೈದ್ಯರು ಸಣ್ಣ ದರ್ಶಕನಳಿಗೆಯೊಂದನ್ನು ಮೂಗಿನೊಳಗೆ ಸೇರಿಸಿ ಕೆಲವೇ ನಿಮಿಷಗಳಲ್ಲಿ ಆ ಸ್ಥಳವನ್ನೆಲ್ಲ ನೋಡಿಬಿಡುವರು. ನೇಸಲ್ ಎಂಡಾಸ್ಕೋಪಿ ಎಂದು ಆಸ್ಪತ್ರೆಗಳಲ್ಲಿ ಕರೆಯಲ್ಪಡುವ ಈ ಪರೀಕ್ಷೆಯನ್ನು ನಾಸಾಂತರ್ದರ್ಶನವೆನ್ನಬಹುದು. ವೈದ್ಯರಿಗೆ ಇದು ದಿನನಿತ್ಯದ ಕೆಲಸ. ರೋಗಿಗೆ ಹಾಗಲ್ಲ. ಈ ಪರೀಕ್ಷೆಯ ಹೆಸರನ್ನು ಕೇಳಿದೊಡನೆ ಅವನ ಮನಸ್ಸಿನಲ್ಲಿ ನಾಲ್ಕು ಪ್ರಶ್ನೆಗಳು ಏಳುವುವು: ನಳಿಗೆಯು ಮಿದುಳಿಗೆ ತಾಕುವುದೇ? ಬಹಳ ನೋಯುವುದೇ? ಇದು ಶಸ್ತ್ರಚಿಕಿತ್ಸೆಯೇ? ಇದು ಅವಶ್ಯವಾದರೂ ಅಹುದೇ? ಈ ಪ್ರಶ್ನೆಗಳು ಅಜ್ಞಾನದಿಂದ ಹುಟ್ಟಿದವುಗಳೆಂದು ತಳ್ಳಿಬಿಡತಕ್ಕವುಗಳಲ್ಲ. ಒಂದೊಂದು ಕಾಲದಲ್ಲಿ ಒಂದೊಂದು ಭಯಕ್ಕೂ ತಕ್ಕ ಕಾರಣವಿದ್ದಿತು. ಆ ಕಾರಣಗಳು ಒಂದೊಂದಾಗಿ ತೊಲಗಿದ ಕಥೆಯೇ ಈ ಪರೀಕ್ಷೆಯ ಚರಿತ್ರೆ.

೨

ಮೂಗಿನ ಒಳಗಣ ರಚನೆಯು ಮೊದಲು ತಿಳಿದಿರಬೇಕು. ಎರಡು ಹೊಳ್ಳೆಗಳ ನಡುವೆ ಮೆಲ್ಲೆಲುಬು ಮೂಳೆಗಳಿಂದಾದ ನಡುಗೋಡೆಯುಂಟು. ಪಕ್ಕದ ಗೋಡೆಯಿಂದ ಸುರುಳಿಯಾಕಾರದ ಮೂರು ಮೂಳೆಗಳು ಸೂರಿನಂತೆ ಒಂದರ ಮೇಲೊಂದು ಚಾಚಿಕೊಂಡಿರುವುವು. ಒಂದೊಂದು ಸುರುಳಿಯ ಕೆಳಗೂ ಒಂದೊಂದು ಓಣಿ. ಮೂಗಿನ ಸುತ್ತಲೂ ಕೆನ್ನೆ, ಹಣೆ, ಕಣ್ಣುಗಳ ನಡುವಣ ಸ್ಥಳ, ತಲೆಬುರುಡೆಯ ತಳ, ಈ ನಾಲ್ಕು ಎಡೆಗಳಲ್ಲಿ ಗಾಳಿ ತುಂಬಿದ ಗೂಡುಗಳು ಎಡಬಲಗಳಲ್ಲಿ ಜೋಡಿಯಾಗಿ ಇರುವುವು. ಸೈನಸ್ಸುಗಳೆಂದು ಎಲ್ಲರೂ ಹೇಳುವುದು ಇವುಗಳನ್ನೇ. ಇವುಗಳ ಬಾಗಿಲುಗಳು ಮೂಗಿನೊಳಕ್ಕೇ ತೆರೆದಿರುವುವು. ಅವುಗಳಲ್ಲಿ ಹೆಚ್ಚಿನವು ನಡುವಣ ಓಣಿಯ ಇಕ್ಕಟ್ಟಾದ ಸಂದಿನಲ್ಲಿವೆ. ಹೊಳ್ಳೆಯನ್ನು ಅಗಲಿಸಿ ಎದುರಿನಿಂದ ನೋಡಿದವರಿಗೆ ನಡುಗೋಡೆಯ ಮುಂಭಾಗವೂ ಕೆಳಸುರುಳಿಯ ತುದಿಯೂ ಕಾಣುವುವಲ್ಲದೆ ಈ ಬಾಗಿಲುಗಳು ಕಾಣುವುದಿಲ್ಲ. ರೋಗದ ಬೇರು ಇರುವುದು ಅನೇಕವೇಳೆ ಅಲ್ಲಿಯೇ.

ಭಾರತದ ಪ್ರಾಚೀನ ವೈದ್ಯರು ಕಂಠದಿಂದ ಮೇಲಣ ಅಂಗಗಳ ರೋಗಗಳಿಗಾಗಿ ಶಾಲಾಕ್ಯವೆಂಬ ಪ್ರತ್ಯೇಕವಾದ ಅಂಗವನ್ನೇ ಕಲ್ಪಿಸಿದ್ದರು. ಸುಶ್ರುತಸಂಹಿತೆಯು ನೂರೊಂದು ಯಂತ್ರಗಳನ್ನು ಆರು ವರ್ಗಗಳಾಗಿ ವಿಂಗಡಿಸಿ, ಅವುಗಳಲ್ಲಿ ನಾಡೀಯಂತ್ರಗಳೆಂಬ ಕೊಳವೆಗಳಿಗೆ ಹೇಳಿರುವ ಪ್ರಯೋಜನಗಳಲ್ಲಿ ರೋಗವನ್ನು ನೋಡುವುದನ್ನೂ ಸೇರಿಸಿದೆ. ಮೂಗಿನ ರೋಗಗಳನ್ನು ಅದು ಮೂವತ್ತೊಂದೆಂದು ಎಣಿಸಿದೆ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಇನ್ನೂ ಸ್ಪಷ್ಟವಾಗಿ, ಮೂಗಿನೊಳಗಣ ಗಂಟು ಮತ್ತು ದುರ್ಮಾಂಸಗಳಿಗಾಗಿ ಎರಡು ಅಂಗುಲ ಉದ್ದದ, ತೋರುಬೆರಳಿನಷ್ಟು ಸುತ್ತಳತೆಯ, ಒಂದೇ ರಂಧ್ರವುಳ್ಳ ಕೊಳವೆಯೊಂದನ್ನು ವಿಧಿಸಿರುವನು. ಒಳಗೆ ಕೈಯಾಡಿಸುವ ಮೊದಲು ಕಣ್ಣಾಡಿಸಬೇಕೆಂಬ ವಿವೇಕವು ಇಲ್ಲಿ ಆಗಲೇ ಮೂಡಿದೆ. ಆದರೆ ಕೊಳವೆಯು ದಾರಿಯನ್ನು ಕೊಡಬಲ್ಲುದೇ ಹೊರತು ಬೆಳಕನ್ನು ಕೊಡಲಾರದು. ಎರಡಂಗುಲದಾಚೆಗೆ ಸೂರ್ಯನ ಕಿರಣವೂ ವೈದ್ಯನ ದೃಷ್ಟಿಯೂ ಒಟ್ಟಿಗೆ ಹೋಗುವ ಉಪಾಯವು ಆಗ ಯಾರಿಗೂ ಹೊಳೆದಿರಲಿಲ್ಲ.

ಗ್ರೀಕರ ವಿಧಾನವು ಇದಕ್ಕಿಂತ ಒರಟಾದುದು. ಹಿಪಾಕ್ರಟೀಸನ ಹೆಸರಿನಲ್ಲಿ ಬಂದಿರುವ ಗ್ರಂಥಗಳಲ್ಲಿ, ದಾರ ಕಟ್ಟಿದ ಸ್ಪಂಜಿನ ತುಂಡನ್ನು ಮೂಗಿನಿಂದ ಬಾಯಿಯ ಕಡೆಗೆ ಎಳೆದು ದುರ್ಮಾಂಸವನ್ನು ಕಿತ್ತು ತರುವ ಕ್ರಮವು ಹೇಳಲ್ಪಟ್ಟಿದೆ. ವೈದ್ಯನು ಏನನ್ನು ಕಿತ್ತನೆಂಬುದು ಅದು ಹೊರಗೆ ಬಂದ ಮೇಲೆಯೇ ಅವನಿಗೆ ತಿಳಿಯುತ್ತಿದ್ದಿತು. ಕಾಣದೆ ಮಾಡಿದ ಚಿಕಿತ್ಸೆಯ ಭಾರವನ್ನೆಲ್ಲ ಹೊತ್ತವನು ರೋಗಿ.

೩

ನಳಿಗೆಯು ಮಿದುಳಿಗೆ ಹೋದೀತೆಂಬ ಭಯಕ್ಕೆ ಬಹು ಹಳೆಯ ಮೂಲವಿದೆ. ಮೂಗಿನಿಂದ ಸುರಿಯುವ ಸಿಂಬಳವು ಮಿದುಳಿನ ಮಲವೆಂದೂ, ಅದು ತಲೆಬುರುಡೆಯ ತಳದ ಜರಡಿಯಂತಹ ಮೂಳೆಯ ಮೂಲಕ ಕೆಳಕ್ಕೆ ಸೋರುವುದೆಂದೂ ಯುರೋಪಿನ ವೈದ್ಯರು ಗ್ಯಾಲೆನನ ಕಾಲದಿಂದ ಸಾವಿರದೈನೂರು ವರ್ಷಗಳವರೆಗೆ ನಂಬಿದ್ದರು. ಸಿಂಬಳ ಇಳಿಯುವುದಕ್ಕೆ ದಾರಿಯಿದ್ದ ಮೇಲೆ ಸಲಾಕೆ ಏರುವುದಕ್ಕೂ ದಾರಿಯಿರಬೇಕಷ್ಟೆ!

ಈ ಭಯವು ಎಷ್ಟು ಸಹಜವಾದುದೆಂಬುದಕ್ಕೆ ಇಂಗ್ಲೆಂಡಿನ ನೆಥಾನಿಯಲ್ ಹೈಮೋರನು ೧೬೫೧ರಲ್ಲಿ ಪ್ರಕಟಿಸಿದ ಅಂಗರಚನಾಗ್ರಂಥದಲ್ಲಿ ಒಂದು ನಿದರ್ಶನವಿದೆ. ಅವನ ಬಳಿಗೆ ಬಂದ ಹೆಂಗಸೊಬ್ಬಳಿಗೆ ಮೇಲ್ದವಡೆಯ ಹಲ್ಲನ್ನು ಕೀಳಿಸಿದ ಬಳಿಕ ಆ ತೂತಿನಿಂದ ಎಡೆಬಿಡದೆ ಕೀವುನೀರು ಒಸರುತ್ತಿದ್ದಿತು. ಕಾರಣವನ್ನು ತಿಳಿಯಬೇಕೆಂದು ಅವಳು ತಾನೇ ಒಂದು ಬೆಳ್ಳಿಯ ಸಲಾಕೆಯನ್ನು ಆ ತೂತಿನಲ್ಲಿ ತೂರಿಸಲು ಅದು ಮೇಲಕ್ಕೆ ಬಹುದೂರ ಹೋಯಿತು. ಆಮೇಲೆ ಹಕ್ಕಿಯ ಗರಿಯ ದಂಟನ್ನು ತೂರಿಸಿದಳು. ಅದು ಇನ್ನೂ ದೂರ ಹೋದಂತೆ ತೋರಿತು. ಅದು ಮಿದುಳನ್ನೇ ಹೊಕ್ಕಿತೆಂದು ಆಕೆಯು ಹೆದರಿ ಹೈಮೋರನಲ್ಲಿಗೆ ಓಡಿಬಂದಳು. ಗರಿಯು ಮಿದುಳಿಗೆ ಹೋಗಿರಲಿಲ್ಲ. ಕೆನ್ನೆಯ ಮೂಳೆಯ ಟೊಳ್ಳಿನಲ್ಲಿ ಸುತ್ತಿಕೊಂಡಿದ್ದಿತು. ಆ ಗೂಡನ್ನು ಹೈಮೋರನು ಅವಳಿಗೆ ವಿವರಿಸಿ ಹೇಳಿ ಸಮಾಧಾನಪಡಿಸಿದನು. ಕೆನ್ನೆಯ ಗೂಡಿಗೆ ಅವನ ಹೆಸರೇ ಬಹುಕಾಲ ನಿಂತಿತು. ರೋಗಿಯ ಭಯಕ್ಕೆ ಶರೀರರಚನೆಯ ಜ್ಞಾನವೇ ಮೊದಲನೆಯ ಮದ್ದೆಂಬುದು ಈ ಪ್ರಸಂಗದಿಂದ ಗೊತ್ತಾಗುವುದು.

ಇದಾದ ಹತ್ತು ವರ್ಷಗಳೊಳಗೆ ಜರ್ಮನಿಯ ವಿಟೆನ್‌ಬರ್ಗಿನ ಕಾನ್‌ರಾಡ್ ವಿಕ್ಟರ್ ಶ್ನೈಡರನು ಸಿಂಬಳವು ಮಿದುಳಿನಿಂದ ಇಳಿಯುವುದಿಲ್ಲವೆಂದೂ, ಮೂಗಿನ ಒಳಗೋಡೆಯನ್ನು ಹೊದೆದಿರುವ ಲೋಳೆಪೊರೆಯಲ್ಲಿಯೇ ಅದು ಹುಟ್ಟುವುದೆಂದೂ ಸ್ಥಾಪಿಸಿದನು. ಮೂಗಿಗೂ ಮಿದುಳಿಗೂ ನಡುವೆ ಮೂಳೆಯ ತಡೆಯುಂಟು. ಅದು ಕೆಲವೆಡೆ ತೆಳುವಾದುದು ನಿಜ. ಪರೀಕ್ಷಿಸುವ ವೈದ್ಯನು ಆ ಸ್ಥಳವನ್ನು ಅರಿತೇ ನಡೆದುಕೊಳ್ಳುವನು. ನೋಡುವುದಕ್ಕಾಗಿಯೇ ಮಾಡುವ ಪರೀಕ್ಷೆಯಲ್ಲಿ ನಳಿಗೆಯು ಗಾಳಿಯು ಹೋಗಿಬರುವ ಓಣಿಗಳಲ್ಲಿಯೇ ಸಂಚರಿಸುವುದು. ಯಾವ ಗೋಡೆಯನ್ನೂ ಅದು ಭೇದಿಸುವುದಿಲ್ಲ.

೪

ಶರೀರದ ಕತ್ತಲೆಯೊಳಕ್ಕೆ ಬೆಳಕನ್ನು ಕೊಂಡೊಯ್ಯಬೇಕೆಂದು ಯಂತ್ರವನ್ನೇ ರಚಿಸಿದ ಮೊದಲಿಗನು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವೈದ್ಯ ಫಿಲಿಪ್ ಬೊಜ್ಜೀನಿ. ೧೮೦೬ರಲ್ಲಿ ಅವನು ವರ್ಣಿಸಿದ ಬೆಳಕಿನ ವಾಹಕವು ಹೂದಾನಿಯ ಆಕಾರದ ಒಂದು ತಗಡಿನ ಪಾತ್ರೆ. ಅದರೊಳಗೆ ಮೇಣದಬತ್ತಿ, ಬತ್ತಿಯ ಹಿಂದೆ ಕನ್ನಡಿ, ಒಂದು ಕಡೆ ನೋಡುವ ಕಿಂಡಿ, ಎದುರುಗಡೆ ಶರೀರದ ಬೇರೆ ಬೇರೆ ರಂಧ್ರಗಳಿಗೆ ತಕ್ಕ ಕೊಳವೆಗಳು. ವಿಯೆನ್ನಾ ನಗರದ ಸೇನಾವೈದ್ಯರ ಶಾಲೆಯವರು ಇದನ್ನು ಮೆಚ್ಚಿದರು. ಅಲ್ಲಿಯ ವಿಶ್ವವಿದ್ಯಾಲಯದ ವೈದ್ಯಮಂಡಲಿಯವರು ಒಪ್ಪಲಿಲ್ಲ. ಯಂತ್ರವು ಮೂಲೆಗೆ ಬಿದ್ದಿತು. ಬೊಜ್ಜೀನಿಯು ಟೈಫಸ್ ಜ್ವರದ ರೋಗಿಗಳಿಗೆ ಶುಶ್ರೂಷೆ ಮಾಡುತ್ತ ಅದೇ ಜ್ವರಕ್ಕೆ ಸಿಲುಕಿ ೧೮೦೯ರಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ, ತೀರಿಹೋದನು. ೧೮೫೩ರಲ್ಲಿ ಪ್ಯಾರಿಸಿನ ದೆಸೊರ್ಮೋ ಎಂಬವನು ಮದ್ಯಸಾರ ಮತ್ತು ಟರ್ಪೆಂಟೈನುಗಳ ಮಿಶ್ರಣವನ್ನು ಉರಿಸುವ ದೀಪದಿಂದ ಅಂತಹದೇ ಯಂತ್ರವನ್ನು ಮಾಡಿ ಅದನ್ನು ಎಂಡಾಸ್ಕೋಪ್ ಎಂದು ಕರೆದನು. ಹೆಸರು ಉಳಿಯಿತು, ಆದರೆ ದೀಪದ ಬಿಸಿಯು ರೋಗಿಯ ಮೈಗೆ ತಗಲುವ ಅಪಾಯವೂ ಉಳಿಯಿತು.

ಮೂಗಿನ ಹಿಂಬಾಗಿಲನ್ನು ತೆರೆದ ಕೀರ್ತಿಯು ವೈದ್ಯನಲ್ಲದವನೊಬ್ಬನಿಗೆ ಸಲ್ಲಬೇಕು. ಮಾನ್ಯುಯೆಲ್ ಗಾರ್ಸಿಯಾ ಎಂಬ ಸಂಗೀತದ ಉಪಾಧ್ಯಾಯನು ಧ್ವನಿಯು ಹುಟ್ಟುವ ಬಗೆಯನ್ನು ಕಾಣಬೇಕೆಂಬ ಹಂಬಲದಿಂದ ೧೮೫೪ರಲ್ಲಿ ದಂತವೈದ್ಯರ ಸಣ್ಣ ಕನ್ನಡಿಯೊಂದನ್ನು ಗಂಟಲಿನ ಹಿಂದಿಟ್ಟು, ಕೈಗನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಹೊಳೆಯಿಸಿ, ತನ್ನ ಕಂಠದ ಸ್ವರತಂತುಗಳನ್ನು ತಾನೇ ನೋಡಿದನು. ಪೆಸ್ಟ್ ನಗರದ ಪ್ರಾಧ್ಯಾಪಕ ಚೆರ್ಮಾಕನು ಕೆಲವು ವರ್ಷಗಳ ಬಳಿಕ ಬಿಸಿಲಿಗೆ ಬದಲಾಗಿ ದೀಪವನ್ನೂ ನಿಮ್ನದರ್ಪಣವನ್ನೂ ಉಪಯೋಗಿಸಿ, ಅದೇ ಸಣ್ಣ ಕನ್ನಡಿಯನ್ನು ಕಿರುನಾಲಗೆಯ ಹಿಂದೆ ಮೇಲ್ಮುಖವಾಗಿ ತಿರುಗಿಸಿದನು. ಬದುಕಿರುವ ಮನುಷ್ಯನ ಮೂಗಿನ ಹಿಂಭಾಗವು ಹೀಗೆ ವೈದ್ಯನ ಕಣ್ಣಿಗೆ ಬಿದ್ದಿತು. ಚೆರ್ಮಾಕನು ಊರೂರು ತಿರುಗಿ ತನ್ನ ಕಂಠವನ್ನೇ ತೋರಿಸಿ ವೈದ್ಯರಿಗೆ ಈ ವಿದ್ಯೆಯನ್ನು ಕಲಿಸಿದನು. ಹಣೆಗೆ ಕಟ್ಟಿಕೊಳ್ಳುವ ತೂತುಗನ್ನಡಿಯು ಕಿವಿ-ಮೂಗು-ಗಂಟಲಿನ ವೈದ್ಯರ ಲಾಂಛನವೇ ಆಗಿ ನೂರು ವರ್ಷಗಳಿಗೂ ಮಿಕ್ಕಿ ಮೆರೆದುದು ಈ ಪರಂಪರೆಯಿಂದಲೇ.

ನೋವಿನ ಪ್ರಶ್ನೆಯು ಇನ್ನೂ ಉಳಿದಿದ್ದಿತು. ಮೂಗಿನ ಒಳಪೊರೆಯು ಅತಿ ಸೂಕ್ಷ್ಮವಾದುದು. ಏನಾದರೂ ಸೋಕಿದೊಡನೆ ಸೀನು, ಕಣ್ಣೀರು, ತಲೆಯನ್ನು ಹಿಂದಕ್ಕೆಳೆದುಕೊಳ್ಳುವ ಚೇಷ್ಟೆ, ಎಲ್ಲವೂ ಒಟ್ಟಿಗೆ ಬರುವುವು. ಎಷ್ಟು ಧೈರ್ಯವುಳ್ಳ ರೋಗಿಯಾದರೂ ಇದನ್ನು ತಡೆಯಲಾರನು. ೧೮೮೪ರಲ್ಲಿ ವಿಯೆನ್ನಾದ ಕಾರ್ಲ್ ಕೋಲರನು ಕೊಕೇನಿನ ಹನಿಗಳಿಂದ ಕಣ್ಣನ್ನು ಮರಗಟ್ಟಿಸಬಹುದೆಂದು ಪ್ರಕಟಿಸಲು, ಮೂಗು ಗಂಟಲುಗಳ ವೈದ್ಯರು ಒಡನೆಯೇ ಅದನ್ನು ಎತ್ತಿಕೊಂಡರು. ಕೊಕೇನು ಪೊರೆಯನ್ನು ಮರಗಟ್ಟಿಸುವುದಲ್ಲದೆ ಊದಿಕೊಂಡುದನ್ನು ಕುಗ್ಗಿಸಿ ಓಣಿಗಳನ್ನು ಅಗಲವನ್ನೂ ಮಾಡುವುದು. ಆದರೆ ಅದು ಚಟವನ್ನು ಹಿಡಿಸತಕ್ಕ ವಸ್ತು. ಪ್ರಯೋಗ ಮಾಡಿದ ವೈದ್ಯರಲ್ಲಿಯೇ ಕೆಲವರು ಅದಕ್ಕೆ ದಾಸರಾದರು. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನನು ೧೯೪೩ರಲ್ಲಿ ಸಿದ್ಧಪಡಿಸಿದ ಲಿಡೊಕೇನ್ ಎಂಬ ಔಷಧವು ಚಟದ ಭಯವಿಲ್ಲದೆ ಮರಗಟ್ಟಿಸುವುದು. ಇಂದು ಮೂಗಿಗೆ ಸಿಂಪಡಿಸುವುದು ಸಾಮಾನ್ಯವಾಗಿ ಇದನ್ನೂ, ಜೊತೆಗೆ ಊತವನ್ನು ಕುಗ್ಗಿಸುವ ಬೇರೊಂದು ಔಷಧವನ್ನೂ.

೫

ಅಷ್ಟರಲ್ಲಿ ಬೆಳಕಿನ ಸಮಸ್ಯೆಯು ಹೊಸ ತಿರುವನ್ನು ಪಡೆದಿದ್ದಿತು. ೧೮೭೯ರಲ್ಲಿ ಮ್ಯಾಕ್ಸಿಮಿಲಿಯನ್ ನಿಟ್ಸೆ ಎಂಬ ಜರ್ಮನ್ ವೈದ್ಯನು ವಿಯೆನ್ನಾದ ಉಪಕರಣಶಿಲ್ಪಿ ಲೈಟರನ ಸಹಾಯದಿಂದ ಮೂತ್ರಾಶಯವನ್ನು ನೋಡುವ ಯಂತ್ರವೊಂದನ್ನು ಪ್ರದರ್ಶಿಸಿದನು. ಹೊರಗಣ ದೀಪದ ಬೆಳಕನ್ನು ಒಳಕ್ಕೆ ಕಳುಹಿಸುವುದಕ್ಕೆ ಬದಲಾಗಿ ದೀಪವನ್ನೇ ಒಳಕ್ಕೆ ಕೊಂಡೊಯ್ದುದು ಇದರ ವಿಶೇಷ. ವಿದ್ಯುತ್ತಿನಿಂದ ಕಾಯ್ದ ಪ್ಲಾಟಿನಂ ತಂತಿಯು ನಳಿಗೆಯ ತುದಿಯಲ್ಲಿ ಉರಿಯುತ್ತಿದ್ದಿತು. ಅದನ್ನು ತಣಿಸುವುದಕ್ಕೆ ನೀರು ಹರಿಯುತ್ತಿದ್ದಿತು. ನಳಿಗೆಯೊಳಗಣ ಮಸೂರಗಳು ಚಿತ್ರವನ್ನು ಹಿಗ್ಗಿಸಿ ಕಣ್ಣಿಗೆ ಮುಟ್ಟಿಸುತ್ತಿದ್ದವು. ಕೆಲವು ವರ್ಷಗಳಲ್ಲಿಯೇ ಎಡಿಸನ್ನನ ಮಾದರಿಯ ಪುಟ್ಟ ಬಲ್ಬು ಆ ತಂತಿಯ ಸ್ಥಾನವನ್ನು ಪಡೆಯಿತು.

ಬರ್ಲಿನ್ನಿನ ಆಲ್ಫ್ರೆಡ್ ಹಿರ್ಷ್‌ಮನ್ನನು ಇಂತಹ ಯಂತ್ರವನ್ನೇ ನಾಲ್ಕು ಮಿಲಿಮೀಟರಿನಷ್ಟು ತೆಳ್ಳಗೆ ಮಾಡಿಸಿ ಮೂಗಿನ ಕಡೆಗೆ ತಿರುಗಿಸಿದನು. ೧೯೦೩ರಲ್ಲಿ ಅವನು ಪ್ರಕಟಿಸಿದ ಲೇಖನವೇ ನಾಸಾಂತರ್ದರ್ಶನದ ಮೊದಲ ದಾಖಲೆ. ಕೆನ್ನೆಯ ಗೂಡನ್ನು ಅವನು ನೋಡಿದ ದಾರಿಯಾದರೂ ಯಾವುದು? ಕಿತ್ತ ಹಲ್ಲಿನ ತೂತು! ಹೈಮೋರನ ರೋಗಿಯು ಗರಿಯನ್ನು ತೂರಿಸಿ ಹೆದರಿದ ಆ ಬಾಗಿಲಿನಿಂದಲೇ ಇನ್ನೂರೈವತ್ತು ವರ್ಷಗಳ ಮೇಲೆ ಬೆಳಕು ಒಳಹೊಕ್ಕಿತು. ೧೯೨೫ರಲ್ಲಿ ಅಮೆರಿಕದ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬವನು ಈ ವಿಧಾನಕ್ಕೆ ಸೈನಸ್ಕೋಪಿ ಎಂದು ಹೆಸರಿಟ್ಟು ಅದನ್ನು ಹರಡಲೆಳಸಿದನು. ಆದರೂ ಅದು ಬೇರೂರಲಿಲ್ಲ. ಬಲ್ಬಿನ ಬೆಳಕು ಮಂದವಾಗಿದ್ದಿತು, ಬಿಸಿಯು ಹೆಚ್ಚಾಗಿದ್ದಿತು, ಕಾಣುವ ಚಿತ್ರವು ಮಸಕಾಗಿದ್ದಿತು.

ಈ ಮಸಕಿನ ಬೆಲೆಯನ್ನು ರೋಗಿಗಳು ತೆತ್ತರು. ಕೆನ್ನೆಯ ಗೂಡಿನಲ್ಲಿ ಕೀವು ನಿಂತವರಿಗೆ ಅಮೆರಿಕದ ಕಾಲ್ಡ್‌ವೆಲ್ಲನು ೧೮೯೩ರಲ್ಲಿಯೂ ಪ್ಯಾರಿಸಿನ ಲ್ಯುಕ್ಕನು ೧೮೯೭ರಲ್ಲಿಯೂ ಹೇಳಿದ ಶಸ್ತ್ರಕ್ರಿಯೆಯು ಬಹುಕಾಲ ಮುಖ್ಯವಾದ ಗತಿಯಾಗಿದ್ದಿತು. ಮೇಲ್ದುಟಿಯ ಕೆಳಗೆ ಒಸಡನ್ನು ಕುಯ್ದು, ಮೂಳೆಯಲ್ಲಿ ಕಿಂಡಿಯನ್ನು ಕೊರೆದು, ಗೂಡಿನ ಒಳಪೊರೆಯನ್ನೆಲ್ಲ ಕೆರೆದು ತೆಗೆಯುವುದು ಅದರ ಕ್ರಮ. ಪೊರೆಯು ಕೆಟ್ಟುಹೋಗಿದೆ, ಮತ್ತೆ ಸರಿಯಾಗಲಾರದು ಎಂಬುದು ಅದರ ಹಿಂದಿದ್ದ ನಂಬಿಕೆ. ಕೆನ್ನೆಯ ಊತ, ಹಲ್ಲು ತುಟಿಗಳ ಮರಗಟ್ಟುವಿಕೆ ಮುಂತಾದುವನ್ನು ಅನೇಕರು ಅನುಭವಿಸಿದರು.

ಬೆಳಕಿನ ನಿಜವಾದ ಬಿಡುಗಡೆಯು ೧೯೫೦ರ ದಶಕದಲ್ಲಿ ಲಂಡನ್ನಿನಲ್ಲಿ ಆಯಿತು. ಅಲ್ಲಿಯ ಇಂಪೀರಿಯಲ್ ಕಾಲೇಜಿನಲ್ಲಿ ಹೆರಲ್ಡ್ ಹಾಪ್ಕಿನ್ಸ್ ಎಂಬ ಭೌತವಿಜ್ಞಾನಿಯೂ, ಪಂಜಾಬಿನ ಮೋಗಾದಲ್ಲಿ ೧೯೨೬ರಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿಯೂ ಕೂದಲೆಳೆಯಂತಹ ಗಾಜಿನ ತಂತುಗಳ ಕಟ್ಟಿನಿಂದ ಚಿತ್ರವನ್ನು ಸಾಗಿಸಬಹುದೆಂದು ಸಾಧಿಸಿ ೧೯೫೪ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಗಾಜಿನ ತಂತುವನ್ನು ಹೊಕ್ಕ ಬೆಳಕು ಅದರ ಗೋಡೆಗಳಿಂದ ಮತ್ತೆ ಮತ್ತೆ ಪುಟಿಯುತ್ತ, ತಂತುವು ಬಳುಕಿದ ಕಡೆಗೆಲ್ಲ ಬಳುಕಿ, ಮತ್ತೊಂದು ತುದಿಯಲ್ಲಿ ಹೊರಬರುವುದು. ದೀಪವು ಇನ್ನು ರೋಗಿಯ ಶರೀರದೊಳಗೆ ಹೋಗಬೇಕಾಗಿಲ್ಲ. ಮೇಜಿನ ಮೇಲಣ ಪೆಟ್ಟಿಗೆಯಲ್ಲಿ ಎಷ್ಟು ಪ್ರಖರವಾಗಿಯಾದರೂ ಉರಿಯಬಹುದು. ತಣ್ಣನೆಯ ಬೆಳಕೆಂದು ಇದಕ್ಕೆ ಹೆಸರಾಯಿತು. ಹಾಪ್ಕಿನ್ಸನು ಅಲ್ಲಿಗೇ ನಿಲ್ಲದೆ, ಗಟ್ಟಿ ನಳಿಗೆಯೊಳಗೆ ಮಸೂರಗಳ ನಡುವಣ ಗಾಳಿಯ ಎಡೆಗಳನ್ನೆಲ್ಲ ಗಾಜಿನ ಕಡ್ಡಿಗಳಿಂದ ತುಂಬಿ ಚಿತ್ರವು ಅನೇಕಪಾಲು ಹೆಚ್ಚು ಉಜ್ಜ್ವಲವಾಗಿ ಕಾಣುವಂತೆ ಮಾಡಿ, ೧೯೫೯ರಲ್ಲಿ ಅದಕ್ಕೆ ಹಕ್ಕುಪತ್ರವನ್ನು ಕೋರಿದನು. ೧೯೬೦ರ ದಶಕದ ನಡುವೆ ಜರ್ಮನಿಯ ಕಾರ್ಲ್ ಸ್ಟೋರ್ಟ್ಸ್ ಎಂಬ ಉಪಕರಣಕಾರನು ಅದನ್ನು ಕೈಗೊಂಡು ತಯಾರಿಸತೊಡಗಿದನು. ಇಂದು ಮೂಗಿನ ವೈದ್ಯರ ಕೈಯಲ್ಲಿರುವ ಗಟ್ಟಿನಳಿಗೆಯು ಈ ವಂಶದ್ದು. ಬಳುಕುವ ನಳಿಗೆಯು ಕಪಾನಿ-ಹಾಪ್ಕಿನ್ಸರ ತಂತುಕಟ್ಟಿನ ವಂಶದ್ದು. ಕಪಾನಿಯವರು ೨೦೨೦ರಲ್ಲಿ ಅಮೆರಿಕದಲ್ಲಿ ತೀರಿಕೊಂಡರು; ಭಾರತ ಸರ್ಕಾರವು ೨೦೨೧ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿಯನ್ನು ಅವರಿಗೆ ಸಲ್ಲಿಸಿತು.

೬

ಬೆಳಕು ಬಂದಿತು, ಅದರಿಂದ ಕಂಡುದೇನು? ಈ ಪ್ರಶ್ನೆಗೆ ಉತ್ತರವನ್ನು ಕೊಟ್ಟವರು ಆಸ್ಟ್ರಿಯ ದೇಶದ ಗ್ರಾತ್ಸ್ ನಗರದ ವಾಲ್ಟರ್ ಮೆಸ್ಸರ್‌ಕ್ಲಿಂಗರ್. ಮೂಗಿನ ಪೊರೆಯ ಮೇಲೆ ಬರಿಗಣ್ಣಿಗೆ ಕಾಣದ ಸೂಕ್ಷ್ಮರೋಮಗಳು ಬತ್ತದ ಪೈರಿನಂತೆ ಒಂದೇ ದಿಕ್ಕಿಗೆ ಬೀಸುತ್ತ ಲೋಳೆಯನ್ನು ಮುಂದಕ್ಕೆ ತಳ್ಳುತ್ತಿರುವುವು. ಕೆನ್ನೆಯ ಗೂಡಿನಲ್ಲಿ ಲೋಳೆಯು ತಳದಿಂದ ಎಲ್ಲ ಗೋಡೆಗಳ ಮೇಲೂ ಏರಿ ಹುಟ್ಟುಬಾಗಿಲಿನ ಕಡೆಗೇ ಹರಿಯುವುದೆಂದು ಮೆಸ್ಸರ್‌ಕ್ಲಿಂಗರರು ತೋರಿಸಿದರು. ವೈದ್ಯನು ಬೇರೆ ಕಡೆ ಎಷ್ಟು ದೊಡ್ಡ ಕಿಂಡಿಯನ್ನು ಕೊರೆದಿದ್ದರೂ ಲೋಳೆಯು ಅದನ್ನು ಬಳಸಿಕೊಂಡು ಹಳೆಯ ಬಾಗಿಲಿಗೇ ಹೋಗುವುದು! ಆ ಬಾಗಿಲು ತೆರೆಯುವುದು ನಡುವಣ ಓಣಿಯ ಇಕ್ಕಟ್ಟಿನಲ್ಲಿ. ಅಲ್ಲಿ ಎರಡು ಪೊರೆಗಳು ಊದಿ ಒಂದಕ್ಕೊಂದು ತಗಲಿದರೆ ಹರಿವು ನಿಲ್ಲುವುದು. ಹರಿವು ನಿಂತ ನೀರು ಕೊಳೆಯುವಂತೆ ಗೂಡಿನಲ್ಲಿ ಕೀವಾಗುವುದು. ಆ ಸಂದನ್ನು ಬಿಡಿಸಿಕೊಟ್ಟರೆ, ಕೆಟ್ಟುಹೋಯಿತೆಂದು ತಿಳಿದ ಪೊರೆಯು ಅನೇಕವೇಳೆ ತನ್ನಷ್ಟಕ್ಕೆ ತಾನೇ ಗುಣವಾಗುವುದು. ಕೆರೆದು ಹಾಕುವ ಚಿಕಿತ್ಸೆಯ ಬುಡವೇ ಇದರಿಂದ ಅಲುಗಿತು.

ಮೆಸ್ಸರ್‌ಕ್ಲಿಂಗರರ ಗ್ರಂಥವು ೧೯೭೮ರಲ್ಲಿ ಇಂಗ್ಲಿಷಿನಲ್ಲಿ ಬಂದಿತು. ಅವರ ಶಿಷ್ಯ ಸ್ಟಾಮ್‌ಬರ್ಗರರೂ ಅಮೆರಿಕದ ಡೇವಿಡ್ ಕೆನಡಿಯವರೂ ೧೯೮೫ರಿಂದೀಚೆಗೆ ಈ ಮತವನ್ನು ಎಲ್ಲೆಡೆ ಹರಡಿದರು. ೧೯೭೧ರಲ್ಲಿ ಮೊದಲು ರೋಗಿಯ ಮೇಲೆ ಪ್ರಯೋಗವಾದ ಸಿ.ಟಿ. ಸ್ಕ್ಯಾನ್ ಇದಕ್ಕೆ ಜೊತೆಯಾಯಿತು: ಓಣಿಗಳನ್ನು ನಳಿಗೆಯು ತೋರಿಸುವುದು, ನಳಿಗೆಯು ಹೋಗದ ಗೂಡುಗಳನ್ನು ಸ್ಕ್ಯಾನು ತೋರಿಸುವುದು.

ನೋಡುವ ಪರೀಕ್ಷೆ ಬೇರೆ, ನಳಿಗೆಯ ಸಹಾಯದಿಂದ ಮಾಡುವ ಶಸ್ತ್ರಚಿಕಿತ್ಸೆ ಬೇರೆ ಎಂಬುದನ್ನು ಇಲ್ಲಿ ಮನಸ್ಸಿನಲ್ಲಿಡಬೇಕು. ಎರಡಕ್ಕೂ ಎಂಡಾಸ್ಕೋಪಿ ಎಂಬ ಹೆಸರು ಅಂಟಿಕೊಂಡಿರುವುದರಿಂದ ಮನೆಗಳಲ್ಲಿ ವೃಥಾ ಗಾಬರಿ ಹುಟ್ಟುವುದುಂಟು. ಪರೀಕ್ಷೆಯು ಸಾಮಾನ್ಯವಾಗಿ ವೈದ್ಯರ ಕೊಠಡಿಯಲ್ಲಿಯೇ, ರೋಗಿಯು ಕುರ್ಚಿಯಲ್ಲಿ ಎಚ್ಚರವಾಗಿ ಕುಳಿತಿರುವಾಗಲೇ ಮುಗಿಯುವುದು. ಶಸ್ತ್ರಚಿಕಿತ್ಸೆಗೆ ಪ್ರತ್ಯೇಕವಾದ ಸಿದ್ಧತೆಯೂ, ಪ್ರತ್ಯೇಕವಾದ ಒಪ್ಪಿಗೆಯೂ ಬೇಕು.

೭

ಇಷ್ಟು ಚರಿತ್ರೆಯ ಫಲವಾಗಿ ಇಂದಿನ ರೋಗಿಗೆ ಪ್ರಾಪ್ತವಾಗುವ ಅನುಭವವು ಹೀಗಿರುವುದು. ಪರೀಕ್ಷೆಗೆ ಮೊದಲು ವೈದ್ಯರಿಗೆ ಕೆಲವು ಸಂಗತಿಗಳನ್ನು ರೋಗಿಯು ತಾನಾಗಿಯೇ ತಿಳಿಸಬೇಕು: ರಕ್ತವು ಹೆಪ್ಪುಗಟ್ಟದ ರೋಗವಿದೆಯೇ, ಆಸ್ಪಿರಿನ್, ಕ್ಲೋಪಿಡೊಗ್ರೆಲ್, ವಾರ್ಫರಿನ್ ಮುಂತಾದ ರಕ್ತವನ್ನು ತೆಳುಮಾಡುವ ಔಷಧವನ್ನು ಸೇವಿಸುತ್ತಿರುವನೇ, ಮರಗಟ್ಟಿಸುವ ಔಷಧವು ಹಿಂದೆ ಎಂದಾದರೂ ಒಗ್ಗದೆ ಹೋಗಿದ್ದಿತೇ, ಹೃದ್ರೋಗ, ರಕ್ತದ ಒತ್ತಡ, ಗರ್ಭ ಇವು ಉಂಟೇ, ಮೂಗಿಗೆ ಹಿಂದೆ ಶಸ್ತ್ರಚಿಕಿತ್ಸೆಯಾಗಿದೆಯೇ, ಸೂಜಿ ಚುಚ್ಚಿದಾಗ ತಲೆ ಸುತ್ತಿ ಬೀಳುವ ಸ್ವಭಾವವೇ. ರಕ್ತವನ್ನು ತೆಳುಮಾಡುವ ಔಷಧವನ್ನು ವೈದ್ಯರು ಹೇಳದೆ ತಾನೇ ನಿಲ್ಲಿಸುವುದು ಅಪಾಯಕರ. ಬರಿಯ ನೋಟಕ್ಕೆ ಅದನ್ನು ನಿಲ್ಲಿಸಬೇಕಾದ ಸಂದರ್ಭಗಳು ಕಡಮೆ.

ಮೊದಲು ಮೂಗಿಗೆ ಔಷಧವನ್ನು ಸಿಂಪಡಿಸುವರು. ಇಲ್ಲವೆ ಔಷಧದಲ್ಲಿ ನೆನೆದ ಹತ್ತಿಯನ್ನು ಕೆಲವು ನಿಮಿಷ ಇಡುವರು. ಅದು ಗಂಟಲಿಗೆ ಇಳಿದಾಗ ಕಹಿಯಾಗುವುದು. ಗಂಟಲು ಜೋಮು ಹಿಡಿದು, ನುಂಗುವುದೇ ಸಾಧ್ಯವಿಲ್ಲವೇನೋ ಎಂದು ತೋರುವುದು. ಇದು ಔಷಧದ ಗುಣವೇ ಹೊರತು ಉಸಿರು ಕಟ್ಟುವ ಲಕ್ಷಣವಲ್ಲ. ಆಮೇಲೆ ಮೂರು ನಾಲ್ಕು ಮಿಲಿಮೀಟರು ದಪ್ಪದ ನಳಿಗೆಯನ್ನು ನಿಧಾನವಾಗಿ ಸೇರಿಸುವರು. ಅದು ಮೊದಲು ಮೂಗಿನ ನೆಲದ ಮೇಲೆ ಹಿಂದಿನವರೆಗೂ ಹೋಗಿ ಗಂಟಲಿನ ಮೇಲ್ಭಾಗವನ್ನು ತೋರಿಸುವುದು. ಅನಂತರ ನಡುಗೋಡೆಗೂ ನಡುವಣ ಸುರುಳಿಗೂ ಎಡೆಯಲ್ಲಿ ಹಿಂದಿನ ಗೂಡಿನ ಬಾಗಿಲಿನ ಕಡೆಗೆ ಸಾಗುವುದು. ಕೊನೆಗೆ ನಡುವಣ ಓಣಿಯನ್ನು ಇಣಿಕಿ ನೋಡುವುದು. ಒತ್ತಿದಂತೆ ಆಗುವುದು, ಕಣ್ಣಲ್ಲಿ ನೀರು ಬರುವುದು, ಒಮ್ಮೊಮ್ಮೆ ಸೀನು ಬಂದಂತಾಗುವುದು ಸಹಜ. ನಡುಗೋಡೆಯು ಬಾಗಿದವರಿಗೆ ತುಸು ಹೆಚ್ಚು ಕಷ್ಟವಾಗಬಹುದು. ರೋಗಿಯು ಮಾಡಬೇಕಾದುದು ಇಷ್ಟೆ: ತಲೆಯನ್ನು ಕದಲಿಸದೆ ಮೆಲ್ಲನೆ ಉಸಿರಾಡುತ್ತಿರಬೇಕು, ನೋವು ತೀಕ್ಷ್ಣವಾದರೆ ಅಥವಾ ಸೀನು ಬರುವಂತಿದ್ದರೆ ತಲೆಯನ್ನು ಸೆಳೆದುಕೊಳ್ಳದೆ ಕೈಯೆತ್ತಿ ತಿಳಿಸಬೇಕು. ವೈದ್ಯರು ನಳಿಗೆಯನ್ನು ಹಿಂದೆಗೆದುಕೊಳ್ಳುವರು. ನಳಿಗೆಯನ್ನು ಒಬ್ಬರಿಗೆ ಉಪಯೋಗಿಸಿದ ಬಳಿಕ ಕ್ರಮಪ್ರಕಾರ ಶುದ್ಧಿಮಾಡದೆ ಮತ್ತೊಬ್ಬರಿಗೆ ಉಪಯೋಗಿಸಕೂಡದು. ಇದನ್ನು ಕೇಳಿ ತಿಳಿದುಕೊಳ್ಳುವ ಹಕ್ಕು ರೋಗಿಗುಂಟು.

ಪರೀಕ್ಷೆ ಮುಗಿದ ಬಳಿಕ ಗಂಟಲಿನ ಜೋಮು ಇಳಿಯುವವರೆಗೆ, ಸುಮಾರು ಒಂದು ಗಂಟೆಯ ಹೊತ್ತು, ಏನನ್ನೂ ತಿನ್ನಲೂ ಕುಡಿಯಲೂ ಬಾರದು. ಬಿಸಿ ಕಾಫಿಯು ನಾಲಗೆ ಗಂಟಲುಗಳನ್ನು ಸುಟ್ಟರೂ ತಿಳಿಯದು. ತುತ್ತು ತಪ್ಪುದಾರಿ ಹಿಡಿದರೂ ತಿಳಿಯದು. ಸಿಂಬಳದಲ್ಲಿ ತುಸು ರಕ್ತದ ಗೆರೆ ಕಂಡರೆ ಹೆದರಬೇಕಾಗಿಲ್ಲ. ರಕ್ತವು ಸುರಿದರೆ ತಲೆಯನ್ನು ಹಿಂದಕ್ಕೆ ಬಾಗಿಸುವ ರೂಢಿಯು ತಪ್ಪು. ಮುಂದಕ್ಕೆ ಬಾಗಿ ಕುಳಿತು ಮೂಗಿನ ಮೆತ್ತನೆಯ ಭಾಗವನ್ನು ಹತ್ತು ಹದಿನೈದು ನಿಮಿಷ ಬಿಡದೆ ಒತ್ತಿಹಿಡಿಯಬೇಕು. ಅದರಿಂದಲೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಬೇಕು. ಪರೀಕ್ಷೆಯ ನಡುವೆ ತಲೆಸುತ್ತು ಬರುವುದು, ಔಷಧವು ಒಗ್ಗದಿರುವುದು ಇವು ವಿರಳವಾದರೂ ಆಗಬಹುದಾದವುಗಳೇ.

೮

ಇನ್ನು ಉಳಿದುದು ಅವಶ್ಯಕತೆಯ ಪ್ರಶ್ನೆ. ನಾಲ್ಕು ದಿನದ ನೆಗಡಿಗೆ ಈ ಪರೀಕ್ಷೆಯು ಬೇಡ. ಮೂರು ತಿಂಗಳು ಕಳೆದರೂ ಮೂಗು ಕಟ್ಟಿಕೊಂಡೇ ಇರುವುದು, ವಾಸನೆ ತಿಳಿಯದಿರುವುದು, ಮತ್ತೆ ಮತ್ತೆ ರಕ್ತ ಬರುವುದು, ಇಂತಹ ಕಡೆ ಅದು ಬೇಕಾಗುವುದು. ಒಂದೇ ಹೊಳ್ಳೆ ಕಟ್ಟಿ ಅದರಿಂದ ರಕ್ತಮಿಶ್ರವಾದ ಅಥವಾ ದುರ್ಗಂಧದ ಸಿಂಬಳ ಬರುವ ದೊಡ್ಡವರಲ್ಲಿ ಗೆಡ್ಡೆಯಿರಬಹುದೆಂಬ ಶಂಕೆಯಿಂದ ಅದು ತಪ್ಪದೆ ಬೇಕು. ಮಕ್ಕಳಲ್ಲಿ ಹೀಗಾದರೆ ಹುಣಿಸೆಯ ಬೀಜವೋ ಕಡಲೆಯೋ ಒಳಗೆ ಸೇರಿರಬಹುದು. ಗುಂಡಿಯಾಕಾರದ ಬ್ಯಾಟರಿಯಾಗಿದ್ದರೆ ಅದು ಕೆಲವೇ ಗಂಟೆಗಳಲ್ಲಿ ಪೊರೆಯನ್ನು ಸುಡುವುದರಿಂದ ಒಂದು ಕ್ಷಣವೂ ತಡಮಾಡಲಾಗದು.

೨೦೨೧ರಲ್ಲಿ ಭಾರತದಲ್ಲಿ, ಕರ್ನಾಟಕದ ಜಿಲ್ಲೆಗಳಲ್ಲಿಯೂ, ಕೋವಿಡ್ ರೋಗದಿಂದ ಎದ್ದ ಸಾವಿರಾರು ಜನರಿಗೆ, ವಿಶೇಷವಾಗಿ ಸಕ್ಕರೆ ಕಾಯಿಲೆಯವರಿಗೆ, ಕಪ್ಪು ಶಿಲೀಂಧ್ರವೆಂದು ಜನರು ಕರೆದ ಮ್ಯೂಕರ್ ಸೋಂಕು ತಗಲಿತು. ಅದು ಮೂಗಿನಲ್ಲಿ ಬೇರುಬಿಟ್ಟು ಕಣ್ಣಿಗೂ ಮಿದುಳಿಗೂ ಏರುವುದು. ಕಣ್ಣು ಊದುವ ಮೊದಲೇ ಮೂಗಿನ ಸುರುಳಿಯು ಬಿಳಿಚಿಕೊಂಡುದನ್ನೋ 검ಪ್ಪಾದುದನ್ನೋ ನಳಿಗೆಯಿಂದ ಕಂಡು, ತುಂಡನ್ನು ತೆಗೆದು ಪರೀಕ್ಷಿಸಿ, ಚಿಕಿತ್ಸೆಯನ್ನು ಬೇಗನೆ ಮೊದಲುಮಾಡಿದವರಿಗೆ ಉಳಿಯುವ ಆಸೆ ಹೆಚ್ಚಾಗಿದ್ದಿತು. ತಡವಾಗಿ ಬಂದವರಲ್ಲಿ ಅನೇಕರು ಕಣ್ಣನ್ನು ಕಳೆದುಕೊಂಡರು. ಅನೇಕರು ಪ್ರಾಣವನ್ನೇ ಕಳೆದುಕೊಂಡರು. ಕೆಲವು ನಿಮಿಷಗಳ ನೋಟಕ್ಕೆ ಎಷ್ಟು ಬೆಲೆಯುಂಟೆಂಬುದನ್ನು ಆ ವರ್ಷವು ತೋರಿಸಿಕೊಟ್ಟಿತು.

ಹೈಮೋರನ ಕಾಲದಲ್ಲಿ ಭಯವೂ ಕತ್ತಲೆಯೂ ರೋಗಿಗೆ ಎಷ್ಟೋ ವೈದ್ಯನಿಗೂ ಅಷ್ಟೇ ಇದ್ದವು. ಮೇಣದಬತ್ತಿಯಿಂದ ಗಾಜಿನ ತಂತುವಿನವರೆಗೆ ನಡೆದ ಸುಮಾರು ಒಂದೂವರೆ ಶತಮಾನದ ಶ್ರಮವು ವೈದ್ಯನ ಕತ್ತಲೆಯನ್ನು ಬಹುಮಟ್ಟಿಗೆ ನೀಗಿಸಿದೆ. ರೋಗಿಯ ಕತ್ತಲೆಯನ್ನು ಯಂತ್ರವು ನೀಗಿಸಲಾರದು; ಅದಕ್ಕೆ ಬೇಕಾದುದು ಪರೀಕ್ಷೆಗೆ ಮೊದಲು ವೈದ್ಯರು ಆಡುವ ನಾಲ್ಕು ಮಾತು, ರೋಗಿಯು ಸಂಕೋಚವಿಲ್ಲದೆ ಕೇಳುವ ನಾಲ್ಕು ಪ್ರಶ್ನೆ. ಕುರ್ಚಿಯಲ್ಲಿ ಕುಳಿತವನು ತನಗೆ ಏನಾಗಲಿದೆಯೆಂಬುದನ್ನು ಅರಿತಿದ್ದರೆ ಅವನ ತಲೆಯು ಕದಲದು. ತಲೆಯು ಕದಲದಿದ್ದರೆ ವೈದ್ಯರಿಗೆ ಕಾಣಬೇಕಾದುದು ಚೆನ್ನಾಗಿ ಕಾಣುವುದು.